ಹಳೆಯ ಗರಗಸದ ಕಿಡಿ

ಮುಂಗಾರಿನ ಮೊದಲ ಬಿರುಗಾಳಿಗೆ ಧಾರವಾಡದ ಸಪ್ತಾಪುರದಂತಹ ಬಡಾವಣೆಗಳಲ್ಲಿ ಒಂದೆರಡು ಕೊಂಬೆಗಳಾದರೂ ಮುರಿದು ದಾರಿಗೆ ಬೀಳುವುದುಂಟು. ಆಗ ನೆನಪಾಗುವುದು ಪೆಟ್ರೋಲಿನಿಂದ ನಡೆಯುವ ಸರಪಳಿ ಗರಗಸ. ವರ್ಷದ ಬಹುಭಾಗ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಯಂತ್ರವನ್ನು ಹೊರತೆಗೆದು ಹಗ್ಗವನ್ನು ಎಷ್ಟು ಜಗ್ಗಿದರೂ ಅದು ಚಾಲೂ ಆಗುವುದಿಲ್ಲ. ಪೆಟ್ರೋಲು ಇದೆ, ಗಾಳಿ ಇದೆ. ಕಿಡಿ ಮಾತ್ರ ಇಲ್ಲ. ಇದರ ಆಯುಷ್ಯ ಮುಗಿಯಿತೆಂದು ಗುಜರಿಗೆ ಹಾಕುವವರು ಅನೇಕರು. ಆದರೆ ಇಂತಹ ಎಷ್ಟೋ ಯಂತ್ರಗಳು ಸತ್ತಿರುವುದಿಲ್ಲ. ಕಾಗದಕ್ಕಿಂತ ತೆಳುವಾದ ಕಿಲುಬಿನ ಪದರವೊಂದು ಅವುಗಳ ಉಸಿರು ಕಟ್ಟಿರುತ್ತದೆ.

1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ನಿಯಮವನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಓದಿರುತ್ತಾರೆ. ಸಪ್ತಾಪುರದ ಓಣಿ ಓಣಿಗಳಲ್ಲಿರುವ ತರಬೇತಿ ಕೇಂದ್ರಗಳಲ್ಲಿ ಸ್ಪರ್ಧಾ ಪರೀಕ್ಷೆಗಳಿಗೆ ಸಿದ್ಧರಾಗುವವರಿಗೂ ಅದು ಬಾಯಿಪಾಠ. ಆ ನಿಯಮವು ಉಸಿರಾಡುತ್ತಿರುವುದನ್ನು ನೋಡಬೇಕಾದರೆ ಈ ಗರಗಸದ ಮುಚ್ಚಳವನ್ನು ಬಿಚ್ಚಬೇಕು.

ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಸರಪಳಿ ಗರಗಸವನ್ನೂ 1929ರಲ್ಲಿ ಪೆಟ್ರೋಲಿನದನ್ನೂ ತಯಾರಿಸಿದನು. ಕಾಡಿಗೆ ಹೊತ್ತೊಯ್ಯುವ ಯಂತ್ರಕ್ಕೆ ಭಾರವಾದ ಬ್ಯಾಟರಿ ಒಗ್ಗದು. ಅದರ ಕೊರತೆಯನ್ನು ತುಂಬುವುದು ಮ್ಯಾಗ್ನೆಟೊ. ರಾಬರ್ಟ್ ಬಾಷ್‌ನ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ರೂಪಿಸಿದ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಇಂತಹ ಸಾಧನಗಳಿಗೆ ದಾರಿ ತೋರಿಸಿತು.

ಇದರ ರಚನೆ ಸರಳವಾದುದು. ಎಂಜಿನ್ನಿನ ದಂಡದ ತುದಿಯಲ್ಲಿ ತಿರುಗುವ ಫ್ಲೈವೀಲಿನಲ್ಲಿ ಕಾಂತಗಳು ಹುದುಗಿರುತ್ತವೆ. ಅದರ ಬಳಿಯಲ್ಲಿಯೇ ಕಬ್ಬಿಣದ ತಗಡುಗಳ ಮೇಲೆ ಸುತ್ತಿದ ಎರಡು ಸುರುಳಿಗಳಿವೆ. ಪ್ರಾಥಮಿಕ ಸುರುಳಿಯದು ದಪ್ಪ ತಂತಿ, ಕೆಲವೇ ನೂರು ಸುತ್ತು. ದ್ವಿತೀಯ ಸುರುಳಿಯದು ಕೂದಲೆಳೆಯಂತಹ ತಂತಿ, ಸಾವಿರಾರು ಸುತ್ತು. ಕಾಂತವು ಹಾದುಹೋಗುವಾಗ ಪ್ರಾಥಮಿಕ ಸುರುಳಿಯಲ್ಲಿ ಪ್ರವಾಹವು ಹುಟ್ಟಿ, 'ಪಾಯಿಂಟು' ಎಂದು ಮಿಸ್ತ್ರಿಗಳು ಕರೆಯುವ ಎರಡು ಲೋಹದ ಬಿಲ್ಲೆಗಳ ಮೂಲಕ ಹರಿಯುತ್ತದೆ.

ಸೋಜಿಗದ ಸಂಗತಿಯೆಂದರೆ, ಕಿಡಿ ಹುಟ್ಟುವುದು ಪ್ರವಾಹ ಹರಿಯುವಾಗಲ್ಲ, ಅದು ಕಡಿದಾಗ. ಪ್ರವಾಹವು ಗರಿಷ್ಠವಾಗಿರುವ ಹೊತ್ತಿಗೆ ಸರಿಯಾಗಿ ಪಾಯಿಂಟುಗಳು ಬೇರ್ಪಡುತ್ತವೆ. ಕಾಂತಕ್ಷೇತ್ರವು ಒಮ್ಮೆಲೇ ಕುಸಿಯುತ್ತದೆ. ಪ್ರೇರಿತ ವೋಲ್ಟೇಜು ಕ್ಷೇತ್ರದ ಬದಲಾವಣೆಯ ವೇಗಕ್ಕೆ ಅನುಗುಣವಾದುದರಿಂದ ಪ್ರಾಥಮಿಕದಲ್ಲಿ ಕೆಲವು ನೂರು ವೋಲ್ಟುಗಳೂ ದ್ವಿತೀಯದಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ವೋಲ್ಟುಗಳೂ ಉಂಟಾಗುತ್ತವೆ. ಹರಿಯುವ ನಲ್ಲಿಯನ್ನು ಥಟ್ಟನೆ ಮುಚ್ಚಿದರೆ ಕೊಳವೆ 'ಧಡ್' ಎಂದು ಸಪ್ಪಳ ಮಾಡುವುದಿಲ್ಲವೇ? ಇದೂ ಹಾಗೆಯೇ. ಎರಡು ಹೊಡೆತದ ಎಂಜಿನ್ನು ಪ್ರತಿ ಸುತ್ತಿಗೂ ಒಂದು ಕಿಡಿಯನ್ನು ಬೇಡುತ್ತದೆ. ನಿಮಿಷಕ್ಕೆ 6,000 ಸುತ್ತುಗಳಾದರೆ ಸೆಕೆಂಡಿಗೆ 100 ಕಿಡಿಗಳು!

ಪಾಯಿಂಟುಗಳು ಬೇರ್ಪಟ್ಟರೂ ಪ್ರವಾಹವು ಅವುಗಳ ನಡುವೆಯೇ ಜ್ವಾಲೆಯಾಗಿ ಜಿಗಿಯಲು ಹವಣಿಸುತ್ತದೆ. ಅದನ್ನು ತಡೆಯುವುದು ಕಂಡೆನ್ಸರು. ಅದು ನುಗ್ಗುವ ವಿದ್ಯುದಂಶವನ್ನು ತನ್ನೊಳಗೆ ಸೆಳೆದುಕೊಂಡು ಕಡಿತವನ್ನು ಚುರುಕುಗೊಳಿಸುತ್ತದೆ. ಕಂಡೆನ್ಸರು ಕೆಟ್ಟರೆ ಪಾಯಿಂಟುಗಳು ಸುಟ್ಟು ಕಪ್ಪಾಗುತ್ತವೆ, ಕಿಡಿ ಸೊರಗುತ್ತದೆ.

ಈ ತತ್ತ್ವ ತಿಳಿದವರಿಗೆ ದುರಸ್ತಿಯೆಂಬುದು ತರ್ಕದ ಮೆಟ್ಟಿಲುಗಳನ್ನು ಇಳಿದಂತೆ. ಮೊದಲು ಸರಪಳಿಯನ್ನು ಕಳಚಿಡಬೇಕು. ಪ್ಲಗ್ಗನ್ನು ಬಿಚ್ಚಿ, ಮಸಿಯನ್ನು ಒರೆಸಿ, ಅದರ ಅಂತರವು ಸುಮಾರು 0.5 ಮಿಲಿಮೀಟರು ಇದೆಯೇ ಎಂದು ನೋಡಬೇಕು. ಬಳಿಕ ಪ್ಲಗ್ಗಿಗೆ ತಂತಿಯನ್ನು ಜೋಡಿಸಿ, ಅದರ ಲೋಹದ ಭಾಗವನ್ನು ಎಂಜಿನ್ನಿನ ಮೈಗೆ ತಾಗಿಸಿ ಹಗ್ಗವನ್ನು ಜಗ್ಗಬೇಕು. ಆಗ ಪ್ಲಗ್ಗಿನ ರಂಧ್ರದಿಂದ ಪೆಟ್ರೋಲಿನ ಆವಿ ಹೊಮ್ಮುವುದರಿಂದ ಕಿಡಿಯನ್ನು ಅದರಿಂದ ದೂರವಿಡುವುದು ಅಗತ್ಯ. ಬರಿಗೈಯಿಂದ ಪ್ಲಗ್ಗನ್ನು ಹಿಡಿಯಲೂ ಬಾರದು. ಒಣ ಗಾಳಿಯಲ್ಲಿ ಒಂದು ಮಿಲಿಮೀಟರು ದಾಟಲು ಸುಮಾರು 3,000 ವೋಲ್ಟು ಸಾಕು. ಸಿಲಿಂಡರಿನಲ್ಲಿ ಒತ್ತಲ್ಪಟ್ಟ ಮಿಶ್ರಣವನ್ನು ದಾಟಲು ಅದರ ಹಲವು ಪಟ್ಟು ಬೇಕು. ಆದುದರಿಂದ ಹೊರಗೆ ಕಂಡ ಮಂಕು ಕಿಡಿಯನ್ನು ನಂಬಬಾರದು. ಅದು ನೀಲಿಯಾಗಿ, ಚಟಚಟನೆ ಜಿಗಿಯಬೇಕು.

ಕಿಡಿ ಇಲ್ಲವಾದರೆ ಎರಡನೆಯ ಮೆಟ್ಟಿಲು ನಿಲುಗಡೆಯ ಗುಂಡಿ. ಮನೆಯ ದೀಪದ ಗುಂಡಿಯು ಮಂಡಲವನ್ನು ಕಡಿದು ದೀಪ ಆರಿಸುತ್ತದೆ. ಗರಗಸದ ಗುಂಡಿಯಾದರೋ ಪ್ರಾಥಮಿಕ ಸುರುಳಿಯನ್ನು ಎಂಜಿನ್ನಿನ ಮೈಗೆ ಕೂಡಿಸಿ ಕಿಡಿ ಆರಿಸುತ್ತದೆ. ಅದುರಾಟದಿಂದ ಈ ತಂತಿಯ ಹೊದಿಕೆ ಸವೆದು ಮೈಗೆ ತಾಗಿದರೆ ಯಂತ್ರವು ಸದಾ 'ನಿಲ್ಲಿಸಿದ' ಸ್ಥಿತಿಯಲ್ಲಿಯೇ ಇರುತ್ತದೆ. ಆ ತಂತಿಯನ್ನು ತಾತ್ಕಾಲಿಕವಾಗಿ ಬಿಡಿಸಿದಾಗ ಕಿಡಿ ಬಂದರೆ ರೋಗ ಸಿಕ್ಕಿದಂತೆಯೇ.

ಮೂರನೆಯದು ಪಾಯಿಂಟುಗಳು. ಮಳೆಗಾಲದ ತೇವದಿಂದ ಅವುಗಳ ಮೇಲೆ ಕಿಲುಬು ಕಟ್ಟಿದರೆ ಪ್ರವಾಹವೇ ಹರಿಯದು, ಹರಿಯದುದನ್ನು ಕಡಿಯುವುದೆಂತು? ನಯವಾದ ಅರದಿಂದ ಹಗುರಾಗಿ ಉಜ್ಜಿ, ಎಣ್ಣೆ ಸೋಕದ ಕಾಗದದ ಚೂರಿನಿಂದ ಒರೆಸಬೇಕು. ಅವು ಪೂರ್ಣವಾಗಿ ತೆರೆದಾಗ ಅಂತರವು ಸಾಮಾನ್ಯವಾಗಿ 0.35ರಿಂದ 0.4 ಮಿಲಿಮೀಟರು ಇರಬೇಕು. ಯಂತ್ರದ ಕೈಪಿಡಿಯ ಅಂಕೆಯೇ ಪ್ರಮಾಣ. ಅವು ಬಹಳ ಸಲ ಫ್ಲೈವೀಲಿನ ಹಿಂದೆ ಅಡಗಿರುತ್ತವೆ. ಅದನ್ನು ಎಳೆಯುವ ಸಾಧನದಿಂದಲೇ ಕಳಚಬೇಕು; ಸುತ್ತಿಗೆಯ ಏಟಿನಿಂದ ಕಾಂತ ಒಡೆಯಬಹುದು, ದಂಡ ಬಾಗಬಹುದು. ತಣ್ಣಗಿರುವಾಗ ನಡೆದು, ಬಿಸಿಯಾದೊಡನೆ ನಿಂತು, ತಣಿದ ಮೇಲೆ ಮತ್ತೆ ನಡೆಯುವ ಯಂತ್ರದಲ್ಲಿ ಸುರುಳಿ ಇಲ್ಲವೆ ಕಂಡೆನ್ಸರನ್ನು ಸಂಶಯಿಸಬೇಕು.

1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳಲ್ಲಿಯೂ ಪಾಯಿಂಟುಗಳಿದ್ದವು. ಅಲ್ಲಿ ಪ್ರವಾಹ ಕೊಡುವುದು ಬ್ಯಾಟರಿ, ಇಲ್ಲಿ ಕಾಂತ. ಕಡಿತದ ತತ್ತ್ವ ಒಂದೇ. ಅವುಗಳನ್ನು ಬಿಚ್ಚಿ ಕಟ್ಟಿದ ಹಿರಿಯ ಮಿಸ್ತ್ರಿಗಳಿಗೆ ಈ ವಿದ್ಯೆ ಕರತಲಾಮಲಕ. 1970ರ ದಶಕದಿಂದೀಚೆಗೆ ಪಾಯಿಂಟುಗಳ ಕೆಲಸವನ್ನು ಎಲೆಕ್ಟ್ರಾನಿಕ್ ಸಾಧನಗಳು ವಹಿಸಿಕೊಳ್ಳುತ್ತ ಬಂದಿವೆ. ಅರಕಿನಲ್ಲಿ ಮುಚ್ಚಿದಂತಿರುವ ಆ ಡಬ್ಬಿ ಕೆಟ್ಟರೆ ಬದಲಿಸಬಹುದೇ ಹೊರತು ಬಿಚ್ಚಿ ನೋಡಲಾಗದು. ಹಳೆಯ ಮ್ಯಾಗ್ನೆಟೊ ಹಾಗಲ್ಲ; ಅದು ತನ್ನ ಗುಟ್ಟನ್ನು ಕಣ್ಣಿಗೆ ಕಾಣುವಂತೆ ತೆರೆದಿಟ್ಟಿದೆ. ವಿದ್ಯಾರ್ಥಿ ಮಿತ್ರರು ಇಂತಹ ಮಿಸ್ತ್ರಿಯೊಬ್ಬರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತು ನೋಡಲಿ. ಫ್ಯಾರಡೆಯ ಸೂತ್ರದಲ್ಲಿ 'ಬದಲಾವಣೆಯ ವೇಗ' ಎಂಬ ಮಾತು ಏಕೆ ಬಂದಿದೆಯೆಂಬುದನ್ನು ಆ ನೀಲಿ ಕಿಡಿಯೇ ಅವರಿಗೆ ತಿಳಿಸಿಕೊಡುವುದು.