ಡೇಟನ್ನಿನ ಕೋತಿ ಮೊಕದ್ದಮೆ

ಮಾನವನ ಮೂಲ ಯಾವುದು? ಋಷಿಗಳೂ ವಿಜ್ಞಾನಿಗಳೂ ಕೇಳಿದ ಈ ಪ್ರಶ್ನೆಯನ್ನು ಹನ್ನೆರಡು ಮಂದಿ ಜೂರಿಗಳವರೆಗೆ ಎಳೆದು ತಂದ ಕೀರ್ತಿ ಅಮೆರಿಕದ ಡೇಟನ್ ಎಂಬ ಪುಟ್ಟ ಊರಿಗೆ ಸಲ್ಲಬೇಕು.

ದೇವರು ಮನುಷ್ಯನನ್ನು ಸೃಷ್ಟಿಸಿದನೆಂಬ ಬೈಬಲ್ಲಿನ ಕಥನವನ್ನು ಅಲ್ಲಗಳೆದು, ಅವನು ಕೀಳು ಪ್ರಾಣಿಗಳಿಂದ ಬಂದವನೆಂದು ಸರ್ಕಾರಿ ಶಾಲೆಗಳಲ್ಲಿ ಬೋಧಿಸುವುದು ಅಪರಾಧವೆಂದು ಟೆನೆಸಿ ಸಂಸ್ಥಾನವು 1925ರಲ್ಲಿ ಶಾಸನ ಮಾಡಿತು. ಅದನ್ನು ಪ್ರಶ್ನಿಸುವ ಉಪಾಧ್ಯಾಯರಿಗೆ ನೆರವಾಗುವೆವೆಂದು ನಾಗರಿಕ ಸ್ವಾತಂತ್ರ್ಯ ಸಂಘವೊಂದು ಪ್ರಕಟಿಸಿತು. ಡೇಟನ್ನಿನ ಪ್ರಮುಖರು ಔಷಧದ ಅಂಗಡಿಯೊಂದರಲ್ಲಿ ಕಲೆತು ಆಲೋಚಿಸಿದರು: ಮೊಕದ್ದಮೆ ನಮ್ಮಲ್ಲಿಯೇ ನಡೆದರೆ ಊರಿಗೆ ಹೆಸರು, ವ್ಯಾಪಾರಕ್ಕೂ ಲಾಭ! 24 ವರ್ಷದ ಉಪಾಧ್ಯಾಯ ಜಾನ್ ಸ್ಕೋಪ್ಸ್ ಆರೋಪಿಯಾಗಲು ಒಪ್ಪಿದನು. ವಿಕಾಸದ ಪಾಠವಿದ್ದ ಪುಸ್ತಕವಾದರೋ, ಅದೇ ಸಂಸ್ಥಾನವು ಮಂಜೂರು ಮಾಡಿದ್ದ ಪಠ್ಯ!

ಸ್ಕೋಪ್ಸನ ಪರ ಪ್ರಖ್ಯಾತ ವಕೀಲ ಕ್ಲಾರೆನ್ಸ್ ಡ್ಯಾರೋ. ಎದುರಿಗೆ, ಮೂರು ಬಾರಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯನ್. ಜುಲೈ 20ರಂದು ನ್ಯಾಯಾಲಯವು ಹೊರಗಿನ ಹುಲ್ಲುಹಾಸಿನ ಮೇಲೆ ಸೇರಿತು. ಡ್ಯಾರೋ ಅವರು ಬ್ರಯನ್ನರನ್ನೇ ಸಾಕ್ಷಿಯ ಕಟ್ಟೆಗೆ ಕರೆದು, ಬೈಬಲ್ಲಿನ ಕಥೆಗಳನ್ನು ಒಂದೊಂದಾಗಿ ಹಿಡಿದು ಪ್ರಶ್ನಿಸಿದರು. ಸೃಷ್ಟಿಯ ಆರು ದಿನಗಳು ನಮ್ಮ ಇಪ್ಪತ್ತನಾಲ್ಕು ಗಂಟೆಯ ದಿನಗಳೇ ಆಗಿರಬೇಕಿಲ್ಲವೆಂದು ಬ್ರಯನ್ನರು ಒಪ್ಪಿಕೊಂಡರು. ವಿನೋದವೆಂದರೆ, ಜೂರಿಗಳು ಅಲ್ಲಿರಲಿಲ್ಲ. ವಿಜ್ಞಾನಿಗಳ ಸಾಕ್ಷ್ಯವೂ ಅವರ ಕಿವಿಗೆ ಬೀಳಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿಯೇ ರೇಮಂಡ್ ಡಾರ್ಟ್ ಅವರು, ದಕ್ಷಿಣ ಆಫ್ರಿಕದ ಟೌಂಗಿನಲ್ಲಿ ದೊರೆತ ಶಿಶುವಿನ ತಲೆಬುರುಡೆಯನ್ನು ವಾನರನಿಗೂ ನರನಿಗೂ ನಡುವಣದೆಂದು ಬಣ್ಣಿಸಿ ಪ್ರಕಟಿಸಿದ್ದರು.

ಪತ್ರಿಕೆಗಳು ಬ್ರಯನ್ನರನ್ನು ಹಾಸ್ಯಕ್ಕೀಡುಮಾಡಿದುವು. ಆದರೆ ಅವರು ಜೀವಮಾನವಿಡೀ ಬಡರೈತರ ಪರ ನಿಂತವರೆಂಬುದನ್ನು ಮರೆಯಲಾಗದು. ಬಲಿಷ್ಠನೇ ಬಾಳಬೇಕೆಂಬ ಮಾತು ದುರ್ಬಲರನ್ನು ತುಳಿಯಲು ನೆಪವಾದೀತೆಂಬುದು ಅವರ ಭಯ. ಅದು ನಿರಾಧಾರವೇನೂ ಅಲ್ಲ: ಆ ಪಠ್ಯವೇ ಬಿಳಿಯರನ್ನು ಜನಾಂಗಗಳಲ್ಲಿ ಶ್ರೇಷ್ಠರೆಂದಿತ್ತು, 'ಹೀನ' ಕುಟುಂಬಗಳು ಸಂತಾನ ಬೆಳೆಸದಂತೆ ತಡೆಯಬೇಕೆಂದಿತ್ತು. ಆದರೆ ಜೀವಿಗಳು ಹೇಗೆ ಮಾರ್ಪಟ್ಟವೆಂಬುದರಿಂದ, ಮನುಷ್ಯನು ಮನುಷ್ಯನನ್ನು ಹೇಗೆ ಕಾಣಬೇಕೆಂಬ ತೀರ್ಮಾನ ಹೊರಡುವುದಿಲ್ಲ. ಪಾಠವನ್ನೇ ನಿಷೇಧಿಸಿದ್ದು, ನೆಗಡಿಗೆ ಹೆದರಿ ಮೂಗು ಕೊಯ್ದಂತೆ.

ಸ್ಕೋಪ್ಸನಿಗೆ 100 ಡಾಲರ್ ದಂಡವಾಯಿತು. ಐದು ದಿನಗಳ ತರುವಾಯ ಬ್ರಯನ್ನರು ಡೇಟನ್ನಿನಲ್ಲಿಯೇ ನಿದ್ರೆಯಲ್ಲಿ ಅಸುನೀಗಿದರು. 50 ಡಾಲರಿಗೆ ಮೀರಿದ ದಂಡವನ್ನು ನ್ಯಾಯಾಧೀಶರಲ್ಲ, ಜೂರಿಗಳು ವಿಧಿಸಬೇಕಿತ್ತೆಂದು 1927ರಲ್ಲಿ ಸಂಸ್ಥಾನದ ಮೇಲಣ ನ್ಯಾಯಾಲಯವು ತೀರ್ಪನ್ನು ರದ್ದುಪಡಿಸಿತು. ಶಾಸನ ಮಾತ್ರ ಉಳಿಯಿತು. ಅದು 1967ರಲ್ಲಿ ತೊಲಗಿದಾಗ ಸ್ಕೋಪ್ಸನಿಗೆ ಅರವತ್ತು ದಾಟಿತ್ತು.