ಮೊದಲ ಕೌದಿ ಸುಕ್ಕಾಗುವುದೇಕೆ?

ಕೌದಿ ಹೊಲಿಯಲು ಬರಬೇಕಾದ ಹೊಲಿಗೆ ಒಂದೇ. ಸೂಜಿ ಕೆಳಗಿಳಿದು ಮೇಲೆದ್ದು ನೇರ ಸಾಲಿನಲ್ಲಿ ಮುಂದೆ ಹೋಗುವ ಸಾದಾ ಹೊಲಿಗೆ. ಅಂಗಿಗೆ ಗುಂಡಿ ಹಚ್ಚಲು ಬರುವವರಿಗೆಲ್ಲ ಇದೂ ಬರುತ್ತದೆ. ಆದರೂ ಮನೆಯಲ್ಲಿ ಮೊದಲ ಸಲ ಕೌದಿಗೆ ಕೈಹಾಕಿದವರ ಕೆಲಸ ನೋಡಿ. ನಡುವೆ ಒಂದು ಉಬ್ಬು, ಅಂಚಿನಲ್ಲಿ ಸುಕ್ಕು, ಒಂದು ಮೂಲೆ ಇನ್ನೊಂದಕ್ಕಿಂತ ನಾಲ್ಕು ಬೆರಳು ಆಚೆ. ಹೊಲಿಗೆ ಡೊಂಕಾಗಿದ್ದರಿಂದಲೇ ಹೀಗಾಯಿತೆಂದು ಅವರು ಪೇಚಾಡುತ್ತಾರೆ. ಡೊಂಕು ಹೊಲಿಗೆಯಿಂದ ಕೌದಿಗೆ ಯಾವ ಕೇಡೂ ಇಲ್ಲ. ಕೇಡು ಇರುವುದು ಪದರಗಳಲ್ಲಿ. ಮೂರೋ ನಾಲ್ಕೋ ಬಟ್ಟೆಗಳು ಒಂದರ ಮೇಲೊಂದು ಕೂತಿರುತ್ತವೆ, ಕೈಯಾಡಿದ ಹಾಗೆಲ್ಲ ಒಂದೊಂದೂ ಒಂದೊಂದು ಕಡೆ ಸರಿಯುತ್ತದೆ. ಸರಿದ ಜಾಗದಲ್ಲೇ ಹೊಲಿಗೆ ಬಿದ್ದರೆ ಅಲ್ಲಿ ಸುಕ್ಕು ಖಾಯಂ.

ರಜಾಯಿಯ ಹಾಗೆ ಕೌದಿಯೊಳಗೆ ಹತ್ತಿ ತುಂಬುವುದಿಲ್ಲ. ಉತ್ತರ ಕರ್ನಾಟಕದ ಕೌದಿಯಾಗಲಿ, ಮಹಾರಾಷ್ಟ್ರದ ಗೋಧಡಿಯಾಗಲಿ, ಬಂಗಾಳದ ಕಾಂಥಾ ಆಗಲಿ, ಎಲ್ಲವೂ ಹಳೆಯ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಹೊಲಿದವು. ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಅದಕ್ಕೇ ಒಂದು ದಪ್ಪ ಬಟ್ಟೆಗಿಂತ ನಾಲ್ಕು ತೆಳು ಬಟ್ಟೆ ಮೇಲು. ಹೊಲಿಗೆಯ ಸಾಲುಗಳು ತೀರಾ ಒತ್ತಾದರೆ ಗಾಳಿಗೆ ಎಡೆಯಿಲ್ಲದೆ ಕೌದಿ ಹಲಗೆಯಂತೆ ಬಿರುಸಾಗುತ್ತದೆ. ತೀರಾ ದೂರವಾದರೆ ಒಗೆದಾಗ ಒಳಗಿನ ಪದರ ಮುದ್ದೆಯಾಗುತ್ತದೆ. ಸಾಲಿನಿಂದ ಸಾಲಿಗೆ ಒಂದರಿಂದ ಎರಡು ಬೆರಳ ಅಂತರ ಸಾಕು.

ಬಟ್ಟೆ ಆರಿಸುವಾಗಲೇ ಅರ್ಧ ತಪ್ಪು ಆಗಿಹೋಗಿರುತ್ತದೆ. ವರ್ಷಗಟ್ಟಲೆ ಉಟ್ಟು ಒಗೆದ ಹತ್ತಿ ಸೀರೆ ಕುಗ್ಗಬೇಕಾದಷ್ಟು ಕುಗ್ಗಿ ಮುಗಿದಿರುತ್ತದೆ. ಅದರ ಕೆಳಗೆ ಅಂಗಡಿಯಿಂದ ತಂದ ಹೊಸ ಹತ್ತಿ ಬಟ್ಟೆ ಹಾಕಿದಿರಿ ಅನ್ನಿ. ಆ ಹೊಸದು ನೂರಕ್ಕೆ ಮೂರರಷ್ಟು ಕುಗ್ಗಿದರೂ ಆರಡಿ ಉದ್ದದಲ್ಲಿ ಎರಡು ಇಂಚು ವ್ಯತ್ಯಾಸ ಬಂತು. ಹೊಲಿಯುವಾಗ ಸಪಾಟಾಗಿದ್ದ ಕೌದಿ ಮೊದಲ ಒಗೆತಕ್ಕೇ ಮುರುಟಿಕೊಳ್ಳುತ್ತದೆ. ಹೊಸ ಬಟ್ಟೆ ಹಾಕಲೇಬೇಕೆಂದಿದ್ದರೆ ಎರಡು ಸಲ ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ ಆಮೇಲೆ ಕತ್ತರಿ ಹಚ್ಚಿ. ಹತ್ತಿಯ ಜೊತೆ ನೈಲಾನು, ಪಾಲಿಯೆಸ್ಟರ್ ಸೀರೆ ಬೆರೆಸುವುದೂ ಇದೇ ಬಗೆಯ ತಪ್ಪು. ಅವು ಕುಗ್ಗುವುದಿಲ್ಲ, ಸೂಜಿಯಡಿಯಲ್ಲಿ ಜಾರುತ್ತವೆ, ಬೆವರನ್ನೂ ಹೀರುವುದಿಲ್ಲ. ಇಳಕಲ್ ಸೀರೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಒಡಲು ಹತ್ತಿಯದಾದರೂ ದಡಿ ಮತ್ತು ಸೆರಗು ಸಾಮಾನ್ಯವಾಗಿ ರೇಷ್ಮೆ ಅಥವಾ ಕೃತಕ ರೇಷ್ಮೆಯವು. ದಡಿಯನ್ನು ಬಿಡಿಸಿ ಬೇರೆ ಇಟ್ಟುಕೊಳ್ಳಿ, ಕೊನೆಗೆ ಮೇಲಿನ ಅಲಂಕಾರಕ್ಕೆ ಬರುತ್ತದೆ. ಬಣ್ಣ ಬಿಡುತ್ತದೋ ಇಲ್ಲವೋ ನೋಡಲು ಒದ್ದೆ ಬಿಳಿ ಬಟ್ಟೆಯಿಂದ ಮೂಲೆಯೊಂದನ್ನು ಒತ್ತಿ ಉಜ್ಜಿದರಾಯಿತು. ಬಿಳಿ ಪಂಚೆಯ ಮಗ್ಗುಲಿಗೆ ಕೆಂಪು ಸೀರೆ ಇಡುವ ಮನಸ್ಸಿದ್ದವರು ಈ ಪರೀಕ್ಷೆ ತಪ್ಪಿಸಬಾರದು.

ಲೆಕ್ಕ ಸರಳ. ಐದೂವರೆ ಮೀಟರಿನ ಸೀರೆಯನ್ನು ಮೂರು ಭಾಗ ಮಾಡಿದರೆ ಆರಾರು ಅಡಿಯ ಮೂರು ತುಂಡು ಸಿಗುತ್ತವೆ. ಸೀರೆಯ ಪನ್ನ ನಾಲ್ಕಡಿಗೆ ಸ್ವಲ್ಪ ಕಡಿಮೆ. ಅಂದರೆ ಒಂದೇ ಸೀರೆಯಲ್ಲಿ ಒಬ್ಬರು ಹೊದೆಯುವ ಮೂರು ಪದರದ ಕೌದಿ ಆಗುತ್ತದೆ. ಅಗಲ ಸಾಲದಿದ್ದರೆ ಎರಡೂ ಕಡೆ ಪಟ್ಟಿ ಕೂಡಿಸಬಹುದು. ಮಳೆಗಾಲಕ್ಕೆ ಮೂರು ಪದರ ಧಾರಾಳ. ಚಳಿಗೆಂದು ಐದಾರು ಪದರ ಹಾಕುವ ಆಸೆ ಮೊದಲ ಕೌದಿಗೆ ಬೇಡ, ಸೂಜಿ ದಾಟುವುದಿಲ್ಲ, ಬೆರಳು ಹುಣ್ಣಾಗುತ್ತದೆ.

ಈಗ ಹಾಸುವ ಕೆಲಸ. ಇಲ್ಲಿ ಅವಸರ ಮಾಡಿದವರು ಮುಂದೆ ವಾರಗಟ್ಟಲೆ ಬಿಚ್ಚುತ್ತ ಕೂರುತ್ತಾರೆ. ಹಾಸಿಗೆಯ ಮೇಲೆ, ಮೇಜಿನ ಮೇಲೆ ಬೇಡ, ನೆಲವೇ ಆಗಬೇಕು. ಅಡಿಯ ಬಟ್ಟೆಯನ್ನು ಹಾಸಿ ನಾಲ್ಕು ಮೂಲೆಗೂ ಭಾರದ ಡಬ್ಬಿಯೋ ಪುಸ್ತಕವೋ ಇಡಿ. ಎಳೆದು ಬಿಗಿಮಾಡಬೇಡಿ, ಬಿಗಿಮಾಡಿದ ಬಟ್ಟೆ ಭಾರ ತೆಗೆದ ಕೂಡಲೇ ಹಿಂದಕ್ಕೆ ಸರಿದು ಮೇಲಿನ ಪದರಗಳನ್ನು ಮುದುಡಿಸುತ್ತದೆ. ಎರಡನೆಯ ಪದರ, ಮೂರನೆಯದು, ಒಂದೊಂದನ್ನೂ ಅಂಗೈಯಿಂದ ನಡುವಿನಿಂದ ಹೊರಕ್ಕೆ ನೀವಿ. ಆಮೇಲೆ ಕಚ್ಚಾ ಹೊಲಿಗೆ. ಎರಡೆರಡು ಇಂಚು ಉದ್ದದ ಹೊಲಿಗೆ ಹಾಕುತ್ತ, ಗೇಣಿಗೊಂದು ಸಾಲಿನಂತೆ ಉದ್ದಕ್ಕೂ ಅಡ್ಡಕ್ಕೂ. ಕೊನೆಗೆ ಕಿತ್ತು ಬಿಸಾಡುವ ದಾರಕ್ಕೆ ಇಷ್ಟು ಹೊತ್ತು ಯಾಕೆ ಕೊಡಬೇಕು ಅನಿಸುತ್ತದೆ. ಗುಂಡುಸೂಜಿ ಚುಚ್ಚಿ ಮುಗಿಸೋಣ ಅನಿಸುವುದೂ ಉಂಟು. ಗುಂಡುಸೂಜಿ ಒಂದು ಬಿಂದುವನ್ನು ಹಿಡಿಯುತ್ತದೆ, ಅದರ ಸುತ್ತ ಬಟ್ಟೆ ತಿರುಗಲು ಬಿಡುತ್ತದೆ. ಕಚ್ಚಾ ಹೊಲಿಗೆ ಇಡೀ ಗೆರೆಯನ್ನೇ ಹಿಡಿಯುತ್ತದೆ.

ಪಕ್ಕಾ ಹೊಲಿಗೆಗೂ ನೆಲ ಬಿಟ್ಟು ಏಳಬೇಡಿ. ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡರೆ ಕೆಳಪದರ ಜೋತುಬಿದ್ದು ಸರಿಯುತ್ತದೆ. ಸೂಜಿಗೆ ಗೋಣಿಚೀಲದ ದಬ್ಬಣ ಬೇಡ, ಅದು ಹಳೆಯ ನೇಯ್ಗೆಯನ್ನು ಹರಿದು ತೂತು ಮಾಡುತ್ತದೆ. ಕೈಸೂಜಿಯಲ್ಲಿ ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣದು. ಐದು ಅಥವಾ ಆರನೇ ನಂಬರಿನದು ಮೂರು ಪದರಕ್ಕೆ ಹೊಂದುತ್ತದೆ. (ಮಷಿನ್ ಸೂಜಿಯಲ್ಲಿ ಈ ಲೆಕ್ಕ ತಲೆಕೆಳಗು, ಅಂಗಡಿಯಲ್ಲಿ ಗೊಂದಲ ಆಗುವುದು ಅಲ್ಲೇ.) ದಾರ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ದಾರ ಗಟ್ಟಿ ನಿಜ, ಆದರೆ ಸವೆದ ಸೀರೆಗಿಂತ ಗಟ್ಟಿ. ಎಳೆತ ಬಿದ್ದಾಗ ಹರಿಯುವುದು ದಾರವಲ್ಲ, ಬಟ್ಟೆ. ದಾರ ಹರಿದರೆ ಮತ್ತೆ ಹೊಲಿಯಬಹುದು. ಒಂದೂವರೆ ಮೊಳಕ್ಕಿಂತ ಉದ್ದದ ದಾರ ಪೋಣಿಸಿದರೆ ಗಂಟಾಗುತ್ತದೆ. ಮೇಣದ ಬತ್ತಿಗೆ ಒಮ್ಮೆ ಉಜ್ಜಿಕೊಂಡರೆ ಗಂಟು ಕಡಿಮೆ.

ಬಿಗಿತದ ವಿಷಯ ಹೇಳಿ ಕಲಿಸುವುದು ಕಷ್ಟ, ಕೈಯೇ ಕಲಿಯಬೇಕು. ಹೊಸಬರು ಪ್ರತಿ ಹೊಲಿಗೆಗೂ ದಾರವನ್ನು ಜಗ್ಗುತ್ತಾರೆ, ಸಾಲು ಮುಗಿಯುವಷ್ಟರಲ್ಲಿ ಅದು ಅಕ್ಕಪಕ್ಕದ ಸಾಲಿಗಿಂತ ಒಂದಿಂಚು ಗಿಡ್ಡ. ಗೇಣುದ್ದ ಹೊಲಿದ ಮೇಲೆ ಹೆಬ್ಬೆರಳಿನಿಂದ ಸಾಲನ್ನು ಹಿಂದಕ್ಕೆ ನೀವಿ. ದಾರ ತನಗೆ ಬೇಕಾದಷ್ಟು ಬಟ್ಟೆಯೊಳಗೆ ವಾಪಸು ಹೋಗುತ್ತದೆ. ಇಡೀ ಕೌದಿಯ ಮೇಲೆ ಒಂದೇ ಸಮನಾದ ಸಣ್ಣ ಅಲೆಗಳು ಎದ್ದರೆ ಹೆದರಬೇಡಿ, ಅದು ಕೈಹೊಲಿಗೆಯ ಲಕ್ಷಣ, ಗಾಳಿ ಹಿಡಿಯಲೂ ಒಳ್ಳೆಯದು. ಒಂದು ಕಡೆ ಅಲೆ, ಇನ್ನೊಂದು ಕಡೆ ಸಪಾಟು, ಹೀಗಾದರೆ ಮಾತ್ರ ಬಿಚ್ಚಿ. ಪ್ರತಿ ಸಾಲಾದ ಮೇಲೆ ಮಗುಚಿ ನೋಡುವ ರೂಢಿಯೂ ಬೇಕು. ಸೂಜಿ ತೀರಾ ಮಲಗಿದರೆ ಕೆಳಪದರಕ್ಕೆ ತಾಗುವುದೇ ಇಲ್ಲ, ಮೇಲೆ ಚೆಂದದ ಸಾಲು, ಕೆಳಗೆ ಏನೂ ಇಲ್ಲ.

ಎಲ್ಲಿಂದ ಶುರು ಮಾಡಬೇಕು? ಮೇಲಿನ ಹಾಸು ಒಂದೇ ಅಖಂಡ ಬಟ್ಟೆಯಾಗಿದ್ದರೆ ನಡುವಿನಿಂದ ಶುರು ಮಾಡಿ ಅಂಚಿಗೆ ಬರಬೇಕು. ಹೆಚ್ಚಾದ ಬಟ್ಟೆ ಹೊರಕ್ಕೆ ಸರಿಯುತ್ತ ಬಂದು ಕೊನೆಗೆ ಕತ್ತರಿಗೆ ಸಿಗುತ್ತದೆ. ಅಂಚನ್ನು ಮೊದಲು ಕಟ್ಟಿ ಒಳಕ್ಕೆ ಹೋದರೆ ಆ ಹೆಚ್ಚಳವೆಲ್ಲ ನಡುವಿಗೆ ಬಂದು ಉಬ್ಬುತ್ತದೆ. ಆದರೆ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಹೊಲಿಯುವುದು ಸರಿಯಾಗಿ ಇದಕ್ಕೆ ಉಲ್ಟಾ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಅವರ ಕೌದಿ ಉಬ್ಬುವುದಿಲ್ಲ. ಅವರು ಮೇಲಿನ ಹಾಸನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ ಎಂಬುದರಲ್ಲಿದೆ ಇದರ ಗುಟ್ಟು. ಅಡಿಯಲ್ಲೊಂದು ಸೀರೆ, ಅದರ ಮೇಲೆ ಒಂದೊಂದೇ ತುಂಡು. ತುಂಡಿನ ಅಂಚನ್ನು ಒಳಕ್ಕೆ ಮಡಚಿ, ಪಕ್ಕದ ತುಂಡಿನ ಮೇಲೆ ತುಸು ಹತ್ತಿಸಿ, ಅಡಿಯ ಬಟ್ಟೆಯ ಸಮೇತ ಸಾಲು ಹಾಕುತ್ತ ಹೋಗುತ್ತಾರೆ. ಎಲ್ಲಾದರೂ ಸಡಿಲವಾಯಿತೆಂದರೆ ಮುಂದಿನ ತುಂಡನ್ನು ಆ ಅಳತೆಗೇ ಮಡಚಿದರಾಯಿತು. ತಪ್ಪು ಕೂಡಿಟ್ಟುಕೊಳ್ಳುವುದೇ ಇಲ್ಲ. ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಚಿದ ಬಟ್ಟೆಗಳನ್ನು ಸೇರಿಸುತ್ತಾರೆ, ಅದಕ್ಕೆ ಫುಲ ಎಂದು ಹೆಸರು. ಫುಲ ಇಲ್ಲದ ಕೌದಿ ಬೆತ್ತಲೆ ಎಂಬುದು ಅವರ ಲೆಕ್ಕ. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನವೇ ನಡೆಯಿತು. ಅಲ್ಲಿ ಜನ ನೋಡಿದ್ದು ಬಣ್ಣಗಳನ್ನು. ಮನೆಯಲ್ಲಿ ಕಲಿಯುವವರು ನೋಡಬೇಕಾದ್ದು ಈ ಕ್ರಮವನ್ನು. ಹೊಸಬರಿಗೆ ನಾನು ಇದನ್ನೇ ಹೇಳುವುದು, ಏಕೆಂದರೆ ಇದರಲ್ಲಿ ಅಲ್ಲಲ್ಲೇ ತಿದ್ದಿಕೊಳ್ಳಲು ಅವಕಾಶವಿದೆ.

ಮಷಿನ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಪಟ್ಟಿ ಕೂಡಿಸಲು ಅದು ಸರಿ. ಪದರಗಳನ್ನು ಹೊಲಿಯಲು ಮನೆಯ ಮಷಿನ್ ಅಷ್ಟು ನೆಚ್ಚಿಕೆಯದಲ್ಲ. ಅದರ ಕೆಳಗಿನ ಹಲ್ಲುಗಳು ಅಡಿಪದರವನ್ನು ಮುಂದಕ್ಕೆ ಎಳೆಯುತ್ತವೆ, ಮೇಲೊತ್ತುವ ಕಾಲು ಮೇಲ್ಪದರವನ್ನು ತಡೆಯುತ್ತದೆ. ಸಾಲಿನ ಕೊನೆಗೆ ಎರಡಕ್ಕೂ ತಾಳೆಯಿರುವುದಿಲ್ಲ. ಎರಡೂ ಪದರಗಳನ್ನು ಒಟ್ಟಿಗೆ ನಡೆಸುವ ವಾಕಿಂಗ್ ಫುಟ್ ಎಂಬ ಬಿಡಿಭಾಗ ಸಿಗುತ್ತದೆ. ಅದಿಲ್ಲದೆ ಕೈಹಾಕಬೇಡಿ.

ಕೆಟ್ಟದ್ದನ್ನು ಸರಿಪಡಿಸುವ ದಾರಿಗಳೂ ಇವೆ. ಬಿಚ್ಚಿದ ಸಾಲಿನ ತೂತುಗಳು ನೀರು ಬಿದ್ದ ಮೇಲೆ ಬಹುಪಾಲು ಮುಚ್ಚಿಕೊಳ್ಳುತ್ತವೆ. ಉಬ್ಬು ಒಂದು ಬೆರಳಿಗಿಂತ ಕಡಿಮೆಯಿದ್ದರೆ ಬಿಟ್ಟುಬಿಡಿ. ಹೆಚ್ಚಿದ್ದರೆ ಮೇಲ್ಪದರವನ್ನು ಅಲ್ಲಿ ಸೀಳಿ, ಒಂದರ ಮೇಲೊಂದು ಹತ್ತಿಸಿ, ಮೇಲೆ ಒಂದು ತೇಪೆ ಹಾಕಿ. ತೇಪೆ ಕೌದಿಗೆ ಅವಮಾನವಲ್ಲ, ಕೌದಿಯೇ ತೇಪೆ.

ಒಗೆದಾಗಲೇ ನಿಜ ಗೊತ್ತಾಗುವುದು. ನೀರು ಕುಡಿದ ಕೌದಿಯ ಭಾರ ಒಣ ಕೌದಿಯ ಎರಡು ಪಟ್ಟಿಗೂ ಹೆಚ್ಚು. ಹಗ್ಗದ ಮೇಲೆ ಒಂದೇ ಮಡಿಕೆಯಲ್ಲಿ ಜೋತುಬಿಟ್ಟರೆ ಆ ಗೆರೆಯಲ್ಲೇ ದಾರ ತುಂಡಾಗುತ್ತದೆ. ತಾರಸಿಯ ಮೇಲೆ ಹರವಿ ಒಣಗಿಸಿ. ದೊಡ್ಡ ಕೌದಿಗೆ ಹೋಗುವ ಮುನ್ನ ಎರಡೂವರೆ ಅಡಿ ಅಗಲ, ಮೂರಡಿ ಉದ್ದದ ಕೂಸಿನ ಕೌದಿಯೊಂದನ್ನು ಹೊಲಿದು ಎರಡು ಸಲ ಒಗೆದು ನೋಡಿ. ಬಟ್ಟೆ, ದಾರ, ಬಿಗಿತ ಮೂರರಲ್ಲಿ ಯಾವುದು ತಪ್ಪಿತೆಂದು ಅದರಲ್ಲೇ ತಿಳಿಯುತ್ತದೆ, ಹಾಳಾದರೂ ಹೋಗುವುದು ಅರ್ಧ ಸೀರೆ ಅಷ್ಟೇ.