‘ಬಂಜೆ’ ಪದವೂ ಸಂತಾನ ಚಿಕಿತ್ಸೆಯ ಪರೀಕ್ಷೆಗಳೂ

ಸಂಸ್ಕೃತದ ‘ವಂಧ್ಯಾ’ ಕನ್ನಡದಲ್ಲಿ ‘ಬಂಜೆ’ಯಾಯಿತು, ಅಕ್ಕಮಹಾದೇವಿಯ ವಚನದಲ್ಲಿಯೂ ಆ ಪದವುಂಟು. ಮಕ್ಕಳಾಗದ ಪುರುಷನಿಗೆ ಅಂಥ ಬಳಕೆಮಾತಿಲ್ಲ. ‘ಷಂಡ’ದ ಅರ್ಥವೇ ಬೇರೆ. ಪತ್ರಿಕೆಗಳು ‘ಪುರುಷ ಬಂಜೆತನ’ವೆಂದು ಬರೆಯಬೇಕಾಗಿದೆ.

ಕೆಲಮಂಗಲದಿಂದ ಚಿಕಿತ್ಸೆಗೆಂದು ಹೊಸೂರಿಗೋ ಬೆಂಗಳೂರಿಗೋ ಹೋಗುವ ದಂಪತಿಗಳಲ್ಲಿಯೂ ಪರೀಕ್ಷೆಗಳ ಭಾರ ಹೆಚ್ಚಾಗಿ ಹೆಂಡತಿಯದೇ. ಮುಟ್ಟಿನ 2 ಅಥವಾ 3ನೆಯ ದಿನ ಹಾರ್ಮೋನುಗಳ ರಕ್ತಪರೀಕ್ಷೆ. ಬಳಿಕ ಅಂಡದ ಬೆಳವಣಿಗೆ ನೋಡಲು ಹಲವು ಸಲ ಸ್ಕ್ಯಾನಿಂಗ್. ಗರ್ಭನಾಳ ತೆರೆದಿದೆಯೇ ಎಂದರಿಯಲು ದ್ರವ ಹಾಯಿಸಿ ತೆಗೆಯುವ ಎಕ್ಸ್-ರೇ. ಈ ಕೊನೆಯದು ಅನೇಕರಿಗೆ ನೋವಿನದು. ಗಂಡನದು ಇಷ್ಟೇ: 2ರಿಂದ 7 ದಿನಗಳ ಸಂಯಮ, ಬಳಿಕ ವೀರ್ಯಪರೀಕ್ಷೆ. ಸರಳವಾದ ಇದನ್ನೇ ಮುಂದೂಡುವವರುಂಟು. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಾರಣವೂ ಸೇರಿರುತ್ತದೆ. ಆದುದರಿಂದ ಇಬ್ಬರ ಪರೀಕ್ಷೆಯನ್ನೂ ಒಮ್ಮೆಗೇ ಆರಂಭಿಸುವುದು ವೈದ್ಯಕೀಯ ಕ್ರಮ.